ಸ್ಕ್ರೀನಿನ ಈಚೆ ಕೂತವರ ಚರಿತ್ರೆ

ಈಗ ಎಷ್ಟೋ ಊರಿನ ಉಪಕೇಂದ್ರಗಳಲ್ಲಿ ಒಂದು ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇರುತ್ತದೆ. ನಾವು ಸಿಎಚ್‌ಒ ಎಂದು ಕರೆಯುವ ಸಮುದಾಯ ಆರೋಗ್ಯ ಅಧಿಕಾರಿ ನಿಮ್ಮ ಹೆಸರು, ವಯಸ್ಸು, ತೊಂದರೆ ಕೇಳಿ ಬರೆದುಕೊಳ್ಳುತ್ತಾರೆ. ಬಿಪಿ ನೋಡುತ್ತಾರೆ. ನೆಟ್‌ವರ್ಕ್ ಕೈ ಕೊಡದಿದ್ದರೆ ಸ್ವಲ್ಪ ಹೊತ್ತಿನಲ್ಲಿ ದೂರದೂರಿನ ಡಾಕ್ಟರ ಮುಖ ಸ್ಕ್ರೀನಿನಲ್ಲಿ ಮೂಡುತ್ತದೆ. ನಾಲ್ಕು ಪ್ರಶ್ನೆ, ನಾಲ್ಕು ಉತ್ತರ, ಒಂದು ಚೀಟಿ. ಸಿಎಚ್‌ಒ ಮಾತ್ರೆ ಎಣಿಸಿ ಕೊಡುತ್ತಾರೆ. ಇದಕ್ಕೆ ಟೆಲಿಮೆಡಿಸಿನ್ ಅನ್ನುತ್ತಾರೆ.

ಇದು ಮೊಬೈಲ್ ಬಂದ ಮೇಲಿನ ಸಂಗತಿ ಎಂದುಕೊಂಡವರೇ ಹೆಚ್ಚು. ಆದರೆ ದೂರದಲ್ಲಿ ಡಾಕ್ಟರು, ಇಲ್ಲಿ ರೋಗಿ, ನಡುವೆ ಒಂದು ಯಂತ್ರ ಎಂಬ ಏರ್ಪಾಡಿಗೆ ಹತ್ತಿರ ಹತ್ತಿರ ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆ ಹೇಳುವವರು ಹೆಚ್ಚಾಗಿ ಯಂತ್ರದ ಬಗ್ಗೆಯೇ ಹೇಳುತ್ತಾರೆ: ರೇಡಿಯೊ, ಉಪಗ್ರಹ, ಇಂಟರ್ನೆಟ್. ಉಳಿದ ಜಾಗದಲ್ಲಿ ಆಚೆ ಬದಿಯ ದೊಡ್ಡ ಡಾಕ್ಟರ ಹೆಸರು ಬರುತ್ತದೆ. ಈಚೆ ಬದಿಯಲ್ಲಿ, ರೋಗಿಯ ಪಕ್ಕದಲ್ಲಿ ಕೂತವರ ಮಾತು ಬರುವುದು ಅಪರೂಪ. ಅವರು ಯಾರು? ಅವರಿಗೆ ಯಾರು, ಏನು, ಹೇಗೆ ಕಲಿಸಿದರು?

ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು. ಏಕೆಂದರೆ ನೂರು ವರ್ಷದ ಅನುಭವ ಹೇಳುವುದು ಒಂದೇ ಮಾತು. ಈಚೆ ಕೂತವರು ಎಷ್ಟು ಕಲಿತಿರುತ್ತಾರೋ, ಆಚೆಯ ಡಾಕ್ಟರು ನಮಗೆ ಅಷ್ಟು ಮಾತ್ರ ದಕ್ಕುತ್ತಾರೆ.

ಪೆಡಲ್ ತುಳಿದು ಡಾಕ್ಟರನ್ನು ಕರೆದ ಕಾಲ

ಕಥೆ ಶುರುವಾಗುವುದು ಆಸ್ಟ್ರೇಲಿಯಾದ ಒಳನಾಡಿನಲ್ಲಿ. ದನ, ಕುರಿ ಸಾಕಿ ಬದುಕುವ ಕುಟುಂಬಗಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಹತ್ತಾರು ಮೈಲಿ. ಆಸ್ಪತ್ರೆ ಇನ್ನೂ ದೂರ. ಜಾನ್ ಫ್ಲಿನ್ ಎಂಬ ಪಾದ್ರಿ ಇವರಿಗಾಗಿ 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲೆಂಡಿನ ಕ್ಲಾಂಕರಿ ಎಂಬ ಊರಿನಿಂದ ವಿಮಾನದಲ್ಲಿ ಡಾಕ್ಟರನ್ನು ಕಳಿಸುವ ಸೇವೆ ಆರಂಭಿಸಿದರು.

ವಿಮಾನವೇನೋ ಬಂತು, ಅದನ್ನು ಕರೆಯುವುದು ಹೇಗೆ? ಆ ಮನೆಗಳಲ್ಲಿ ಫೋನೂ ಇಲ್ಲ, ಕರೆಂಟೂ ಇಲ್ಲ. ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ ಇದಕ್ಕೊಂದು ದಾರಿ ಹುಡುಕಿದ. ಟೈಲರ್ ಹೊಲಿಗೆ ಯಂತ್ರ ತುಳಿಯುವ ಹಾಗೆ ಕಾಲಿನಲ್ಲಿ ಪೆಡಲ್ ತುಳಿದರೆ ಕರೆಂಟು ಹುಟ್ಟುವ ರೇಡಿಯೊ ಅದು. 1929ರಿಂದ ಒಂಟಿ ಮನೆಗಳಿಗೆ ಆ ಪೆಡಲ್ ರೇಡಿಯೊ ಬಂತು.

ಆಮೇಲೆ ಯಾರೂ ನೆನೆಸದ ತೊಡಕು ಎದುರಾಯಿತು. ಮನೆಯಾಕೆ ರೇಡಿಯೊದಲ್ಲಿ "ಗಂಡನಿಗೆ ಹೊಟ್ಟೆನೋವು" ಅನ್ನುತ್ತಾಳೆ. ಡಾಕ್ಟರು "ಎಲ್ಲಿ" ಅನ್ನುತ್ತಾರೆ. "ಇಲ್ಲಿ" ಎಂದು ಬೆರಳಿಟ್ಟರೆ ರೇಡಿಯೊದಲ್ಲಿ ಕಾಣುತ್ತದೆಯೇ? ಹೊಕ್ಕುಳ ಸುತ್ತಲಿನ ನೋವೇ ಬೇರೆ, ಬಲ ಕೆಳಹೊಟ್ಟೆಯ ನೋವೇ ಬೇರೆ. ಮೊದಲನೆಯದು ಅಜೀರ್ಣ ಇರಬಹುದು, ಎರಡನೆಯದು ಅಪೆಂಡಿಕ್ಸ್ ಇರಬಹುದು. ವಿಮಾನ ಕಳಿಸಬೇಕೋ ಬೇಡವೋ ಎಂಬುದು ಆ "ಇಲ್ಲಿ" ಎಂಬ ಮಾತಿನ ಮೇಲೆ ನಿಂತಿತ್ತು.

ಪರಿಹಾರ ತುಂಬ ಸರಳವಾಗಿತ್ತು. 1942ರಲ್ಲಿ ಮನೆಮನೆಗೆ ಔಷಧಿ ಪೆಟ್ಟಿಗೆ ಬಂತು. ಪ್ರತಿ ಔಷಧಿಗೂ ಒಂದೊಂದು ನಂಬರ್. 1951ರಲ್ಲಿ ಲೂಸಿ ಗಾರ್ಲಿಕ್ ಎಂಬ ನರ್ಸ್ ರೂಪಿಸಿದ ದೇಹದ ನಕ್ಷೆ ಬಂತು. ಮನುಷ್ಯನ ದೇಹದ ಚಿತ್ರ, ಒಂದೊಂದು ಭಾಗಕ್ಕೂ ಒಂದು ನಂಬರ್. ನೋವು ಯಾವ ನಂಬರಿನಲ್ಲಿ ಎಂದು ಮನೆಯಾಕೆ ಹೇಳಬೇಕು, ಪೆಟ್ಟಿಗೆಯ ಯಾವ ನಂಬರಿನ ಔಷಧಿ ಎಂದು ಡಾಕ್ಟರು ಹೇಳಬೇಕು.

ದೂರವೈದ್ಯದ ಮೊದಲ ಪಠ್ಯ ಯಾವುದು ಎಂದು ಕೇಳಿದರೆ ನಾನು ಆ ನಕ್ಷೆಯನ್ನು ತೋರಿಸುತ್ತೇನೆ. ಓದಿದ ನರ್ಸ್ ಅಲ್ಲದ ಹೆಂಗಸಿಗೂ ಅದು ಒಂದು ಕೆಲಸ ಕಲಿಸಿತು: ಕಂಡದ್ದನ್ನು ಡಾಕ್ಟರಿಗೆ ಅರ್ಥವಾಗುವ ಹಾಗೆ ಹೇಳುವುದು. ರೇಡಿಯೊ ಒಂದೇ ಇದ್ದಾಗ ಆಗದ ಕೆಲಸ ಒಂದು ಹಾಳೆ ಕಾಗದದಿಂದ ಆಯಿತು.

ಅಲಾಸ್ಕದ ಊರಿನವರೇ ಊರಿನ ವೈದ್ಯ ಸಹಾಯಕರು

ಇನ್ನೊಂದು ಪಾಠ ಅಲಾಸ್ಕದ್ದು. ಅಮೆರಿಕಕ್ಕೆ ಸೇರಿದ, ಉತ್ತರ ತುದಿಯ ಹಿಮದ ನಾಡು. ನೂರಾರು ಮೂಲನಿವಾಸಿ ಹಳ್ಳಿಗಳು. ಹೆಚ್ಚಿನವಕ್ಕೆ ಇಂದಿಗೂ ರಸ್ತೆ ಇಲ್ಲ, ಸಣ್ಣ ವಿಮಾನ ಅಥವಾ ದೋಣಿಯೇ ಗತಿ. 1950ರ ದಶಕದಲ್ಲಿ ಅಲ್ಲಿ ಕ್ಷಯರೋಗ ಊರಿಗೆ ಊರನ್ನೇ ಕಾಡುತ್ತಿತ್ತು. ಕ್ಷಯದ ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ನುಂಗಿಸುವವರು ಯಾರು? ಊರಿನಲ್ಲೇ ಒಬ್ಬರನ್ನು ಆರಿಸಿ ಆ ಕೆಲಸ ಕೊಟ್ಟರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಎಂದುಕೊಳ್ಳಿ.

ಆ ಸಹಾಯಕರು ಕ್ಷಯಕ್ಕೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಜ್ವರ, ಗಾಯ, ಹೆರಿಗೆ, ಎಲ್ಲಕ್ಕೂ ಜನ ಅವರ ಬಾಗಿಲನ್ನೇ ಬಡಿದರು. 1968ರಲ್ಲಿ ಸರ್ಕಾರ ಇದನ್ನು ಸಮುದಾಯ ಆರೋಗ್ಯ ಸಹಾಯಕರ ಕಾರ್ಯಕ್ರಮ ಎಂದು ಅಧಿಕೃತ ಮಾಡಿ ಹಣ ಕೊಟ್ಟಿತು. ತರಬೇತಿಯನ್ನು ನಾಲ್ಕು ಕಂತು ಮಾಡಿದರು. ಕೆಲವು ವಾರ ತರಬೇತಿ ಕೇಂದ್ರದಲ್ಲಿ ಪಾಠ, ಆಮೇಲೆ ಊರಿಗೆ ಹೋಗಿ ಕೆಲಸ, ಮತ್ತೆ ಬಂದು ಮುಂದಿನ ಪಾಠ. ಕೈಗೊಂದು ದಪ್ಪ ಕೈಪಿಡಿ. ರೋಗಿ ಹೀಗೆ ಹೇಳಿದರೆ ಏನು ಕೇಳಬೇಕು, ಏನು ನೋಡಬೇಕು, ಡಾಕ್ಟರಿಗೆ ಏನು ತಿಳಿಸಬೇಕು ಎಂದು ಹಂತ ಹಂತವಾಗಿ ಹೇಳುವ ಪುಸ್ತಕ ಅದು.

ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಡಾಕ್ಟರು ರೇಡಿಯೊದಲ್ಲಿ ಬರುತ್ತಿದ್ದರು. ಸಹಾಯಕರು ಒಬ್ಬೊಬ್ಬರಾಗಿ ತಮ್ಮ ರೋಗಿಗಳ ಸ್ಥಿತಿ ಹೇಳುತ್ತಿದ್ದರು. ಅದು ತೆರೆದ ರೇಡಿಯೊ. ಒಂದು ಊರಿನವರು ಮಾತಾಡಿದ್ದು ಎಲ್ಲ ಊರಿಗೂ ಕೇಳುತ್ತಿತ್ತು. ಅದರಿಂದ ಕಷ್ಟವೂ ಆಯಿತು, ಒಬ್ಬರ ಗುಟ್ಟು ಹತ್ತೂರಿಗೆ ಗೊತ್ತಾಗುತ್ತಿತ್ತು. ಆದರೆ ಅದರಲ್ಲೇ ಒಂದು ಲಾಭವೂ ಇತ್ತು. ಪಕ್ಕದೂರಿನ ಮಗುವಿನ ಕೆಮ್ಮಿಗೆ ಡಾಕ್ಟರು ಏನೇನು ಪ್ರಶ್ನೆ ಕೇಳಿದರು ಎಂಬುದನ್ನು ಕೇಳಿಸಿಕೊಂಡ ಸಹಾಯಕರು ಅಂಥದ್ದೇ ಮಗು ತಮ್ಮಲ್ಲಿಗೆ ಬಂದಾಗ ಅದನ್ನು ಬಳಸಬಹುದಿತ್ತು. ಕೇಳಿಸಿಕೊಂಡು ಕಲಿಯುವ ಈ ಸಂಗತಿ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

1971ರಲ್ಲಿ ಅಲ್ಲಿನ ಕೆಲವು ಊರುಗಳಿಗೆ ಎಟಿಎಸ್-1 ಎಂಬ ಉಪಗ್ರಹದ ಮೂಲಕ ಡಾಕ್ಟರ ಮಾತು ಕೇಳಿಸತೊಡಗಿತು. ಆಮೇಲೆ ಟೆಲಿಫೋನ್, ಕಂಪ್ಯೂಟರ್ ಬಂದವು. ಯಂತ್ರಗಳು ಒಂದರ ಹಿಂದೆ ಒಂದು ಬದಲಾದವು. ಊರಿನ ಸಹಾಯಕರ ಹುದ್ದೆ, ಅವರ ತರಬೇತಿ, ಅವರ ಕೈಪಿಡಿ ಮಾತ್ರ ಇಂದಿಗೂ ಇವೆ. ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಹಿಡಿಯಲು ಕಲಿತ ಕೈ ಅಲ್ಲಿ ಮೊದಲೇ ಸಿದ್ಧವಿತ್ತು.

ನಮ್ಮಲ್ಲಿ ಪಾಠ ಮೊದಲು, ತಂತಿ ಆಮೇಲೆ

ಕರ್ನಾಟಕದ ಕಥೆಯೂ ಪಾಠದಿಂದಲೇ ಶುರುವಾಗುತ್ತದೆ, ಅದೂ ಮಾನಸಿಕ ಆರೋಗ್ಯದ ಪಾಠದಿಂದ. ದೂರದಿಂದ ನೋಡಬಹುದಾದ ಕಾಯಿಲೆಗಳಲ್ಲಿ ಇದು ಮುಖ್ಯವಾದದ್ದು. ಇಲ್ಲಿ ಮಾತೇ ಅರ್ಧ ಪರೀಕ್ಷೆ. ಜೊತೆಗೆ ಮನೋವೈದ್ಯರ ಕೊರತೆಯೂ ಇಲ್ಲಿ ಹೆಚ್ಚು.

ಇಂದಿನ ಉಡುಪಿ ಜಿಲ್ಲೆಯ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕೋಟದಲ್ಲಿ ಮನೋವೈದ್ಯ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಅಧ್ಯಯನ ಮಾಡಿದರು. ಅದರ ಪುಸ್ತಕ 1976ರಲ್ಲಿ ಬಂತು. ಮನಸ್ಸಿನ ತೊಂದರೆ ಬಂದಾಗ ಜನ ಯಾರ ಬಳಿ ಹೋಗುತ್ತಾರೆ ಎಂದು ಕಪೂರ್ ನೋಡಿದರು. ನಾಟಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು, ಇಂಗ್ಲಿಷ್ ಔಷಧಿಯ ಡಾಕ್ಟರು, ಎಲ್ಲರ ಬಳಿಯೂ ಹೋಗುತ್ತಿದ್ದರು. ಜನ ಸಹಾಯ ಹುಡುಕುತ್ತಿದ್ದರು, ಹತ್ತಿರ ಸಿಕ್ಕವರ ಬಳಿ ಹೋಗುತ್ತಿದ್ದರು. ಹಾಗಿದ್ದರೆ ಹತ್ತಿರ ಇರುವವರಿಗೇ ಕಲಿಸಬೇಕು, ಅಲ್ಲವೇ?

1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆಯಿತು. ನಗರದ ಹೊರಗೆ, ಸಕಲವಾರ ಎಂಬ ಹಳ್ಳಿಯಲ್ಲಿ ಅದರ ಗ್ರಾಮೀಣ ಕೇಂದ್ರ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನೋವೈದ್ಯದ ಮುಖ್ಯ ಪಾಠಗಳನ್ನು ಕಲಿಸಬಹುದೇ ಎಂದು ಅಲ್ಲಿ ಪರೀಕ್ಷೆ ಮಾಡಿದರು. ಫಿಟ್ಸ್ ಬರುವವರನ್ನು ಗುರುತಿಸುವುದು, ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಗುರುತಿಸುವುದು, ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳುವುದು. ಕಲಿಸಬಹುದು ಎಂಬುದು ಗೊತ್ತಾಯಿತು.

ಮುಂದಿನ ಹೆಜ್ಜೆ ಬಳ್ಳಾರಿ. 1985ರಿಂದ 1990ರವರೆಗೆ ಇಡೀ ಜಿಲ್ಲೆಯಲ್ಲಿ ಈ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ. ಫಿಟ್ಸ್ ಮತ್ತು ಮಾನಸಿಕ ಕಾಯಿಲೆಗೆ ಬೇಕಾದ 6 ಅಗತ್ಯ ಔಷಧಿಗಳು ಕೆಳಹಂತದ ಕೇಂದ್ರಗಳಲ್ಲೇ ಸಿಗುವ ವ್ಯವಸ್ಥೆ. ಸರಳವಾದ ದಾಖಲೆ ಪುಸ್ತಕ, ತಿಂಗಳಿಗೊಂದು ವರದಿ. ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯರು. ಇಷ್ಟೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಮಾದರಿಯಾಗಿ ಇಟ್ಟುಕೊಂಡದ್ದು ಬಳ್ಳಾರಿಯನ್ನೇ. ಇವತ್ತು ಯಾವ ರಾಜ್ಯದ ಜಿಲ್ಲಾಸ್ಪತ್ರೆಯಲ್ಲಿ ಆ ಕಾರ್ಯಕ್ರಮದ ಬೋರ್ಡು ಕಂಡರೂ ಅದರ ಬೇರು ನಮ್ಮ ಬಳ್ಳಾರಿಯಲ್ಲಿದೆ.

ಆದರೆ ಬೇರೆ ಜಿಲ್ಲೆಗಳಿಗೆ ಹಬ್ಬುತ್ತಾ ಹೋದಂತೆ ಒಂದು ದೌರ್ಬಲ್ಯ ಕಾಣಿಸಿತು. ತರಬೇತಿ ಎಂದರೆ ಕೆಲವು ದಿನದ ತರಗತಿ, ಆಮೇಲೆ ಸರ್ಟಿಫಿಕೇಟ್. ಊರಿಗೆ ಮರಳಿದ ಡಾಕ್ಟರಿಗೆ ಮೊದಲ ಕಷ್ಟದ ರೋಗಿ ಎದುರಾದಾಗ ಕೇಳಲು ಯಾರೂ ಇಲ್ಲ. ಕಲಿತದ್ದು ಬಳಸದೆ ಮಾಸಿತು. ಕಲಿತವರಿಗೆ ವರ್ಗಾವಣೆ ಆಯಿತು, ಬಂದ ಹೊಸಬರು ಕಲಿತಿರಲಿಲ್ಲ. ಈಜು ಕಲಿಸುವಾಗ ದಡದಲ್ಲಿ ಪಾಠ ಹೇಳಿ ಬಾವಿಗೆ ಬಿಟ್ಟು ಮನೆಗೆ ಹೋದ ಹಾಗೆ.

ತಂತಿ ಬಂತು, ಪಾಠ ಹಿಂದೆ ಬಿತ್ತು

2000ದ ಸುಮಾರಿಗೆ ಗಾಳಿ ಬದಲಾಯಿತು. ಆ ವರ್ಷ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದಲ್ಲಿ ಅಪೋಲೊ ಸಂಸ್ಥೆಯ ಟೆಲಿಮೆಡಿಸಿನ್ ಕೇಂದ್ರ ಶುರುವಾಯಿತು. ನಮ್ಮಲ್ಲಿ 2002ರ ಹೊತ್ತಿಗೆ ಇಸ್ರೊದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರ ಜಿಲ್ಲಾ ಆಸ್ಪತ್ರೆ ಮತ್ತು ಎಚ್.ಡಿ. ಕೋಟೆ ಕಡೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದ ಜೊತೆ ಸೇರಿದವು. ಕಾಡಂಚಿನ ಊರಿನ ರೋಗಿಯ ಇಸಿಜಿ ಬೆಂಗಳೂರಿನ ಹೃದಯತಜ್ಞರ ಮುಂದೆ ಮೂಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಎದೆನೋವು ಬಂದವರನ್ನು ಮೈಸೂರಿಗೋ ಬೆಂಗಳೂರಿಗೋ ಸಾಗಿಸಬೇಕೇ, ಇಲ್ಲೇ ನೋಡಿಕೊಳ್ಳಬಹುದೇ ಎಂಬ ತೀರ್ಮಾನ ಬೇಗ ಆಗುವಂತಾಯಿತು.

ಆದರೆ ದೇಶದ ಉದ್ದಗಲಕ್ಕೂ ಇಂಥ ಕೇಂದ್ರಗಳು ಬಂದಾಗ ಒಂದು ಕ್ರಮ ಎದ್ದು ಕಂಡಿತು. ಹಣವೆಲ್ಲ ಡಿಶ್, ಕ್ಯಾಮೆರಾ, ಕಂಪ್ಯೂಟರಿಗೆ. ಯಂತ್ರ ಬಂದ ದಿನ ಉದ್ಘಾಟನೆ, ಪತ್ರಿಕೆಯಲ್ಲಿ ಫೋಟೊ. ಅದನ್ನು ನಡೆಸುವ ಸಿಬ್ಬಂದಿಗೆ ಬಟನ್ ಒತ್ತುವುದನ್ನು ತೋರಿಸಿದರೆ ತರಬೇತಿ ಮುಗಿಯಿತು. ಬಟನ್ ಕಲಿತವರಿಗೆ ವರ್ಗಾವಣೆ ಆದರೆ ಕೋಣೆಗೆ ಬೀಗ. ಯಂತ್ರ ಕೆಟ್ಟರೆ ಬಟ್ಟೆ ಹೊದಿಸಿ ಮೂಲೆಗೆ. ಬಳ್ಳಾರಿಯಲ್ಲಿ ಪಾಠವಿತ್ತು, ಜೊತೆಗಿರುವ ತಂತಿ ಇರಲಿಲ್ಲ. ಈಗ ತಂತಿ ಬಂತು, ಅದರ ಮೇಲೆ ಹರಿಯಬೇಕಾದ ಪಾಠ ಇರಲಿಲ್ಲ. ಎರಡನ್ನೂ ಕೂಡಿಸುವ ಉಪಾಯ ಹೊಳೆದದ್ದು ಇನ್ನೊಂದು ದೇಶದಲ್ಲಿ.

ತಂತಿಯನ್ನೇ ತರಗತಿ ಮಾಡಿದ ಡಾಕ್ಟರು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ಬಡ, ಒಣ, ವಿಶಾಲವಾದ ನಾಡು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಭಾರತ ಮೂಲದ ಸಂಜೀವ್ ಅರೋರಾ ಎಂಬ ಯಕೃತ್ತಿನ ತಜ್ಞರಿದ್ದರು. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಕಾಯಿಲೆಯವರು ಅವರನ್ನು ನೋಡಲು 8 ತಿಂಗಳು ಕಾಯಬೇಕಿತ್ತು. ನೂರಾರು ಮೈಲಿ ಪ್ರಯಾಣ ಬೇರೆ. ಆ ಕಾಲದ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತಿತ್ತು, ಅಡ್ಡಪರಿಣಾಮ ವಿಪರೀತ. ಊರಿನ ಸಾಮಾನ್ಯ ಡಾಕ್ಟರು ಅದಕ್ಕೆ ಕೈ ಹಾಕುತ್ತಿರಲಿಲ್ಲ.

ಅರೋರಾ 2003ರಲ್ಲಿ ಒಂದು ಕೆಲಸ ಮಾಡಿದರು. ವಿಡಿಯೊದಲ್ಲಿ ರೋಗಿಗಳನ್ನು ನೋಡುವ ಬದಲು ಊರೂರಿನ ಡಾಕ್ಟರು, ನರ್ಸ್‌ಗಳನ್ನೇ ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂರಿಸಿದರು. ಒಬ್ಬರು ತಮ್ಮ ರೋಗಿಯ ವಿವರ ಹೆಸರು ಹೇಳದೆ ಮುಂದಿಡಬೇಕು. ಉಳಿದವರು ಪ್ರಶ್ನೆ ಕೇಳಬೇಕು. ತಜ್ಞರು ಸಲಹೆ ಕೊಡಬೇಕು. ಕೊನೆಗೊಂದು ಚಿಕ್ಕ ಪಾಠ. ಅಲಾಸ್ಕದ ರೇಡಿಯೊ ನೆನಪಾಯಿತೇ? ಅಲ್ಲಿ ತಾನಾಗಿ ಆಗುತ್ತಿದ್ದ ಕೇಳಿಸಿಕೊಂಡು ಕಲಿಯುವ ಕೆಲಸ ಇಲ್ಲಿ ಬೇಕೆಂದೇ ಕಟ್ಟಿದ ವ್ಯವಸ್ಥೆಯಾಯಿತು. ಇದಕ್ಕೆ ಪ್ರಾಜೆಕ್ಟ್ ಎಕೊ ಎಂದು ಹೆಸರಿಟ್ಟರು.

ಇದು ನಿಜಕ್ಕೂ ಕೆಲಸ ಮಾಡಿತೇ? 2011ರಲ್ಲಿ ಅದರ ಲೆಕ್ಕ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟು 407 ರೋಗಿಗಳು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತಜ್ಞರಿಂದ ಚಿಕಿತ್ಸೆ ಪಡೆದವರಲ್ಲಿ ಶೇ 57.5ರಷ್ಟು ಮಂದಿಯ ರಕ್ತದಲ್ಲಿ ವೈರಸ್ ಇಲ್ಲವಾಗಿತ್ತು. ಊರಿನ ಚಿಕಿತ್ಸಾಲಯಗಳಲ್ಲಿ ಮತ್ತು ಜೈಲುಗಳಲ್ಲಿ ಸಾಮಾನ್ಯ ಡಾಕ್ಟರು, ನರ್ಸ್‌ಗಳಿಂದ ಚಿಕಿತ್ಸೆ ಪಡೆದವರಲ್ಲಿ ಶೇ 58.2. ದೊಡ್ಡಾಸ್ಪತ್ರೆಗೂ ಊರಿನ ಚಿಕಿತ್ಸಾಲಯಕ್ಕೂ ವ್ಯತ್ಯಾಸವೇ ಇರಲಿಲ್ಲ. ಊರಿನವರಿಗೆ ಕಲಿಸಿದರೆ, ಕಲಿಸಿ ಕೈ ಬಿಡದಿದ್ದರೆ, ಅವರು ಯಾರಿಗೂ ಕಡಿಮೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಮತ್ತೆ ಬೆಂಗಳೂರಿಗೆ

ಸಕಲವಾರದಲ್ಲಿ ಪಾಠ ಶುರು ಮಾಡಿದ ನಿಮ್ಹಾನ್ಸ್ ಸಂಸ್ಥೆಯೇ 2014ರಲ್ಲಿ ಈ ಎಕೊ ಪದ್ಧತಿಯನ್ನು ತಂದು ಮಾನಸಿಕ ಆರೋಗ್ಯ ಮತ್ತು ಕುಡಿತದಂಥ ಚಟಗಳ ಚಿಕಿತ್ಸೆಗೆ ಅಳವಡಿಸಿತು. ಛತ್ತೀಸಗಢದ ಜಿಲ್ಲೆಗಳ ಆಪ್ತಸಮಾಲೋಚಕರು ಬೆಂಗಳೂರಿಗೆ ಬಂದು ಕೆಲವು ದಿನ ಕಲಿತು, ಊರಿಗೆ ಮರಳಿದ ಮೇಲೆ ವಿಡಿಯೊದಲ್ಲಿ ಪಾಠ ಮುಂದುವರಿಸಿದರು.

ನಿಮ್ಹಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂಬಿಬಿಎಸ್ ಮುಗಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಡಾಕ್ಟರಿಗಾಗಿ ಒಂದು ವರ್ಷದ ಡಿಪ್ಲೊಮಾ ರೂಪಿಸಿತು. ಮೊದಲಿಗೆ ಬಿಹಾರದ ಡಾಕ್ಟರು ಅದನ್ನು ಓದಿದರು. ವಿಶೇಷ ಏನೆಂದರೆ, ಓದಲು ಅವರು ವರ್ಷವಿಡೀ ಬೆಂಗಳೂರಿನಲ್ಲಿ ಇರಬೇಕಿಲ್ಲ. ಆರಂಭದಲ್ಲಿ ಕೆಲವು ದಿನ ಬಂದು ಹೋದರೆ ಸಾಕು. ಉಳಿದ ಪಾಠವೆಲ್ಲ ತಂತಿಯ ಮೇಲೆ, ತಮ್ಮ ಆಸ್ಪತ್ರೆಯಲ್ಲಿ ಕೂತೇ. ಆ ಕೇಂದ್ರದ ರೋಗಿಗಳು ಡಾಕ್ಟರಿಲ್ಲದೆ ವರ್ಷವಿಡೀ ಪರದಾಡಬೇಕಾಗಲಿಲ್ಲ.

ಇದರೊಳಗಿನ ಒಂದು ಪಾಠಕ್ರಮ ನನಗೆ ಬಹಳ ಹಿಡಿಸಿತು. ಡಾಕ್ಟರು ಎಂದಿನಂತೆ ಒಪಿಡಿಯಲ್ಲಿ ರೋಗಿಗಳನ್ನು ನೋಡುತ್ತಾರೆ. ಬೆಂಗಳೂರಿನ ಮನೋವೈದ್ಯರು ವಿಡಿಯೊದಲ್ಲಿ ಅದೇ ಕೋಣೆಯಲ್ಲಿ ಇದ್ದ ಹಾಗೆ ಇರುತ್ತಾರೆ. ಮೈಕೈ ನೋವು, ತಲೆನೋವು, ಸುಸ್ತು ಎಂದು ಬಂದ ಹೆಂಗಸಿಗೆ ಡಾಕ್ಟರು ಇನ್ನೆರಡು ಪ್ರಶ್ನೆ ಕೇಳುತ್ತಾರೆ: ನಿದ್ದೆ ಹೇಗಿದೆ? ಮೊದಲು ಇಷ್ಟವಾಗಿದ್ದ ಕೆಲಸ ಈಗಲೂ ಇಷ್ಟವೇ? ಮೈನೋವಿನ ಹಿಂದೆ ಖಿನ್ನತೆ ಇದೆ ಎಂಬುದು ಅಲ್ಲೇ, ಆ ಹೊತ್ತಿಗೇ ಬಯಲಾಗುತ್ತದೆ. ಏನು ಮಾಡಬೇಕೆಂದು ಮನೋವೈದ್ಯರು ಹೇಳಿಕೊಡುತ್ತಾರೆ. ಬಾವಿಗೆ ಬಿಟ್ಟು ಮನೆಗೆ ಹೋಗುವ ಪದ್ಧತಿ ಹೋಗಿ, ಜೊತೆಗೇ ನೀರಿಗಿಳಿದು ಕಲಿಸುವ ಪದ್ಧತಿ ಬಂತು. ಬಳ್ಳಾರಿಯ ಪಾಠವನ್ನೂ ಚಾಮರಾಜನಗರದ ತಂತಿಯನ್ನೂ ಒಟ್ಟಿಗೆ ಹೊಸೆದರೆ ಹೀಗಾಗುತ್ತದೆ. 2018ರಲ್ಲಿ ಬಂದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಡಾಕ್ಟರಿಗಷ್ಟೇ ಅಲ್ಲ, ನರ್ಸ್, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರಿಗೂ ಇಂಥ ಕೋರ್ಸ್ ಕೊಡತೊಡಗಿತು.

ಕೊರೊನಾ ತಂದ ಅವಸರ

2020ರ ಮಾರ್ಚ್ 25. ದೇಶಕ್ಕೆ ಬೀಗ ಬಿದ್ದ ದಿನ. ಅದೇ ದಿನಾಂಕದಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದುವರೆಗೆ ಫೋನಿನಲ್ಲಿ ಔಷಧಿ ಹೇಳುವುದು ಸರಿಯೋ ತಪ್ಪೋ ಎಂಬ ಗೊಂದಲ ಡಾಕ್ಟರಲ್ಲಿ ಇತ್ತು. ಮಾರ್ಗಸೂಚಿ ಅದನ್ನು ತೀರಿಸಿತು. ಯಾವ ಔಷಧಿಯನ್ನು ಫೋನಿನಲ್ಲಿ ಹೇಳಬಹುದು, ಯಾವುದನ್ನು ಹೇಳಲೇಬಾರದು ಎಂದು ಪಟ್ಟಿ ಮಾಡಿತು. ಆರೋಗ್ಯ ಕಾರ್ಯಕರ್ತರು ರೋಗಿಯ ಪಕ್ಕದಲ್ಲಿದ್ದು ಡಾಕ್ಟರನ್ನು ಸಂಪರ್ಕಿಸುವ ಕ್ರಮವನ್ನೂ ಬೇರೆಯಾಗಿ ಹೆಸರಿಸಿತು. ಟೆಲಿಮೆಡಿಸಿನ್ ಮಾಡಬಯಸುವ ಡಾಕ್ಟರು ಒಂದು ಆನ್‌ಲೈನ್ ಕೋರ್ಸ್ ಮುಗಿಸುವುದು ಕಡ್ಡಾಯ, ಕೋರ್ಸ್ ಪ್ರಕಟವಾದ 3 ವರ್ಷದೊಳಗೆ ಎಂದೂ ಹೇಳಿತು. ಆದರೆ ಆ ಕಡ್ಡಾಯದ ಮಾತು ಆಚೆ ಕೂತ ಡಾಕ್ಟರಿಗೆ ಮಾತ್ರ.

ಈಚೆ ಕೂತವರ ವಿಷಯ ಬೇರೆ ದಾರಿಯಲ್ಲಿ ಬಂದಿತ್ತು. 2018ರ ಏಪ್ರಿಲಿನಲ್ಲಿ ಆಯುಷ್ಮಾನ್ ಭಾರತದಡಿ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮೇಲೇರಿಸುವ ಕೆಲಸ ಶುರುವಾಯಿತು. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ. ಅಲ್ಲಿಗೆ ಸಿಎಚ್‌ಒ ಎಂಬ ಹೊಸ ಹುದ್ದೆ ಬಂತು. ಹೆಚ್ಚಿನವರು ನರ್ಸಿಂಗ್ ಓದಿದವರು. ಅವರಿಗೆ ಸಮುದಾಯ ಆರೋಗ್ಯದಲ್ಲಿ 6 ತಿಂಗಳ ಬ್ರಿಡ್ಜ್ ಕೋರ್ಸ್. ಆಮೇಲೆ ಅದನ್ನು ಬಿಎಸ್ಸಿ ನರ್ಸಿಂಗ್ ಪಠ್ಯದೊಳಗೇ ಸೇರಿಸಿದರು. 2019ರ ನವೆಂಬರಿನಲ್ಲಿ ಇ-ಸಂಜೀವಿನಿ ಬಂತು. ಸಿಎಚ್‌ಒ ಟ್ಯಾಬಿನಿಂದ ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕರೆಯುವ ವ್ಯವಸ್ಥೆ ಅದು. 2023ರ ಫೆಬ್ರುವರಿ ಹೊತ್ತಿಗೆ ದೇಶದಲ್ಲಿ ಇ-ಸಂಜೀವಿನಿಯ ಸಮಾಲೋಚನೆಗಳು 10 ಕೋಟಿ ದಾಟಿದವು ಎಂದು ಸರ್ಕಾರ ಹೇಳಿತು.

10 ಕೋಟಿ ದೊಡ್ಡ ಸಂಖ್ಯೆ. ಎಷ್ಟು ಕರೆ ಹೋಯಿತು ಎಂಬುದನ್ನು ಅದು ಹೇಳುತ್ತದೆ. ಕರೆಯ ಈಚೆ ಬದಿಯಲ್ಲಿ ಏನಾಯಿತು ಎಂಬುದನ್ನು ಹೇಳುವುದಿಲ್ಲ.

ಈಚೆ ಬದಿಯ ಕೆಲಸ ಎಂದರೇನು?

ಒಂದು ಉದಾಹರಣೆ ನೋಡಿ. ಎರಡು ವರ್ಷದ ಮಗುವಿಗೆ ಕೆಮ್ಮು, ಜ್ವರ. ಇದು ಬರೀ ಶೀತವೋ ನ್ಯುಮೋನಿಯಾವೋ? ಮುಖ್ಯ ಸುಳಿವು ಉಸಿರಿನ ಲೆಕ್ಕ. ಮಗು ಅಳದೆ ಸುಮ್ಮನಿರುವಾಗ, ಅಂಗಿ ಎತ್ತಿ, ಒಂದು ಪೂರ್ತಿ ನಿಮಿಷ ಎಣಿಸಬೇಕು. 2 ತಿಂಗಳಿಂದ 1 ವರ್ಷದ ಒಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಎಚ್ಚರ ವಹಿಸಬೇಕು. ಸ್ಕ್ರೀನಿನ ಆಚೆಯ ಡಾಕ್ಟರಿಗೆ ಇದು ಸರಿಯಾಗಿ ಕಾಣುವುದಿಲ್ಲ. ಅಳುವ ಮಗುವಿನ ಉಸಿರು ಎಣಿಸಿದರೂ ಲೆಕ್ಕ ತಪ್ಪು, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೂ ತಪ್ಪಬಹುದು. ಡಾಕ್ಟರು ಎಷ್ಟೇ ದೊಡ್ಡವರಿರಲಿ, ತಪ್ಪು ಲೆಕ್ಕದ ಮೇಲೆ ಸರಿಯಾದ ತೀರ್ಮಾನ ಬರುವುದು ಹೇಗೆ?

ಬಿಪಿಯೂ ಹಾಗೆಯೇ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸದೆ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಹೊಟ್ಟೆನೋವಾದರೆ ಈಚೆ ಕೂತವರೇ ಒತ್ತಿ ನೋಡಿ, ಎಲ್ಲಿ ಗಟ್ಟಿ, ಎಲ್ಲಿ ನೋವು ಎಂದು ಹೇಳಬೇಕು. ಕಾಮಾಲೆಯ ಅನುಮಾನ ಇದ್ದರೆ ಟ್ಯೂಬ್‌ಲೈಟ್ ಬಿಟ್ಟು ಹಗಲು ಬೆಳಕಿನಲ್ಲಿ ಕಣ್ಣು ನೋಡಬೇಕು. ಮನಸ್ಸಿನ ತೊಂದರೆ ಹೇಳಿಕೊಳ್ಳುವವರಿದ್ದರೆ ಕೋಣೆಯಲ್ಲಿರುವ ಉಳಿದವರನ್ನು ಆಚೆ ಕಳಿಸಿ ಬಾಗಿಲು ಮುಚ್ಚಬೇಕು. ಇನ್ನೊಂದಿದೆ, ಅದು ಎಲ್ಲಕ್ಕಿಂತ ಕಷ್ಟದ ಪಾಠ: ಈ ರೋಗಿಗೆ ಸ್ಕ್ರೀನು ಸಾಲದು, ಈಗಲೇ ಆಂಬುಲೆನ್ಸ್ ಕರೆಯಬೇಕು ಎಂದು ಗುರುತಿಸುವುದು.

ಇದಾವುದೂ ಟ್ಯಾಬಿನ ಜೊತೆ ಡಬ್ಬದಲ್ಲಿ ಬರುವುದಿಲ್ಲ. ಒಂದು ದಿನದ ಆನ್‌ಲೈನ್ ಮೀಟಿಂಗಿನಲ್ಲೂ ಬರುವುದಿಲ್ಲ. ಮಾಡಿ, ತಪ್ಪಿ, ಕೇಳಿ, ತಿದ್ದಿಕೊಂಡು ಬರಬೇಕು. ಸುದ್ದಿಗೆಂದು ಊರೂರು ತಿರುಗುವಾಗ ಸಿಎಚ್‌ಒಗಳಿಂದ ನೆಟ್‌ವರ್ಕಿನ ದೂರು ಕೇಳುತ್ತೇನೆ, ದಿನಕ್ಕಿಷ್ಟು ಕರೆ ಮಾಡಿ ಎಂಬ ಟಾರ್ಗೆಟ್ಟಿನ ದೂರೂ ಕೇಳುತ್ತೇನೆ. ಆ ಎರಡೂ ಮುಗಿದ ಮೇಲೆ ದನಿ ತಗ್ಗಿಸಿ ಹೇಳುವ ಮಾತು ಒಂದಿದೆ: ಕಷ್ಟದ ಕೇಸ್ ಬಂದಾಗ ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ಆಮೇಲೆ ಯಾರೂ ಹೇಳುವುದಿಲ್ಲ. ಬಳ್ಳಾರಿಯಿಂದ ಹೊರಟ ಪಾಠ ಬೇರೆ ಜಿಲ್ಲೆಗಳಲ್ಲಿ ಎಲ್ಲಿ ಸೊರಗಿತ್ತೋ, ಈ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ನಾವು ಕೇಳಬೇಕಾದದ್ದು

ಚರಿತ್ರೆ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಪೆಡಲ್ ರೇಡಿಯೊಗೆ ಒಂದು ನಕ್ಷೆ ಬೇಕಾಯಿತು. ಅಲಾಸ್ಕದ ಉಪಗ್ರಹಕ್ಕೆ ಮೊದಲೇ ಕಲಿತ ಸಹಾಯಕರಿದ್ದರು. ನ್ಯೂ ಮೆಕ್ಸಿಕೊದಲ್ಲಿ ವಾರವಾರ ಜೊತೆಗೂತು ಕಲಿಸಿದ್ದರಿಂದ ಊರಿನ ಚಿಕಿತ್ಸಾಲಯ ದೊಡ್ಡಾಸ್ಪತ್ರೆಗೆ ಸಮ ನಿಂತಿತು. ಕಲಿಸುವುದನ್ನು ಬಿಟ್ಟು ಯಂತ್ರ ಮಾತ್ರ ಕೊಟ್ಟ ಕಡೆ ಕೋಣೆಗೆ ಬೀಗ ಬಿತ್ತು.

ಹಾಗಾಗಿ ನಿಮ್ಮ ಉಪಕೇಂದ್ರಕ್ಕೆ ಹೊಸ ಯಂತ್ರ ಬಂತು ಎಂಬ ಸುದ್ದಿ ಕೇಳಿದಾಗ ಸಂತೋಷಪಡಿ, ಜೊತೆಗೆ ಮೂರು ಪ್ರಶ್ನೆ ಕೇಳಿ. ಗ್ರಾಮಸಭೆಯಲ್ಲಿ ಕೇಳಬಹುದು, ಪಂಚಾಯಿತಿ ಅಧ್ಯಕ್ಷರಿರುವ ಜನ ಆರೋಗ್ಯ ಸಮಿತಿಯಲ್ಲಿ ಕೇಳಬಹುದು. ಈ ವರ್ಷ ನಮ್ಮ ಸಿಎಚ್‌ಒಗೆ, ನರ್ಸಮ್ಮನಿಗೆ ಎಷ್ಟು ದಿನ ತರಬೇತಿ ಆಯಿತು? ಕಷ್ಟದ ರೋಗಿ ಬಂದಾಗ ಅವರು ಯಾರನ್ನು ಕೇಳುತ್ತಾರೆ, ಆ ಡಾಕ್ಟರು ಆಮೇಲೆ ತಿದ್ದಿ ಹೇಳುತ್ತಾರೆಯೇ? ಇವರಿಗೆ ವರ್ಗಾವಣೆಯಾದರೆ ಬರುವ ಹೊಸಬರಿಗೆ ಕಲಿಸುವವರು ಯಾರು?

ಈ ಪ್ರಶ್ನೆ ಸಿಎಚ್‌ಒ ಅವರನ್ನು ಕಟಕಟೆಗೆ ನಿಲ್ಲಿಸಲು ಅಲ್ಲ. ಅವರ ಪರವಾಗಿ ಮೇಲಿನವರನ್ನು ಕೇಳುವ ಪ್ರಶ್ನೆ. ತರಬೇತಿ ಕೊಡಿ ಎಂದು ಅವರೇ ಕೇಳಿದರೆ ಫೈಲು ಅಲುಗಾಡದಿರಬಹುದು. ಊರು ಕೇಳಿದರೆ ಅಲುಗಾಡುತ್ತದೆ.

ನಮ್ಮ ಕಡೆಯ ಕೆಲಸವೂ ಸ್ವಲ್ಪ ಇದೆ. ಹಳೆಯ ಚೀಟಿ, ತಿನ್ನುತ್ತಿರುವ ಮಾತ್ರೆಯ ಪಟ್ಟಿ ಜೊತೆಗೆ ಒಯ್ಯಿರಿ. ನೋವು ಎಂದಿನಿಂದ, ಎಲ್ಲಿ, ಯಾವಾಗ ಹೆಚ್ಚು ಎಂದು ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಮನಸ್ಸಿಗೆ ತೀರಾ ಭಾರವಾದಾಗ ಉಪಕೇಂದ್ರದವರೆಗೆ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಡ. ಫೋನ್ ಮಾಡಿದಾಗ ಅಲ್ಲಿ ಮೊದಲು ಸಿಗುವುದು ಒಂದು ದನಿ. ಆ ದನಿಗೂ ಯಾರೋ ಕೂತು ಕಲಿಸಿದ್ದಾರೆ.